ಸೆನೆಕಾ ಕಾನ್ಫರೆನ್ಸಿನ ಐದನೆಯ ಹುಡುಗಿ

ಎಂಬತ್ತೆರಡು ತುಂಬಿದ ಡಾಕ್ಟರ್ ಕೃಷ್ಣಸ್ವಾಮಿಯವರು ಹೆಂಡತಿಯ ಮಾತನ್ನು ಬಹುಮಟ್ಟಿಗೆ ಕೇಳುತ್ತಿದ್ದರು, ಎರಡು ವಿಷಯ ಬಿಟ್ಟು. ಒಂದು, ಹೈವೇಯಲ್ಲಿ ಯಾವ ಲೇನಿನಲ್ಲಿ ಹೋಗಬೇಕು ಎಂಬುದು. ಇನ್ನೊಂದು, ಸೆನೆಕಾ ಕಾನ್ಫರೆನ್ಸು.

ಈ ಕಾನ್ಫರೆನ್ಸಿನಲ್ಲಿ ಭಾಷಣ, ಶಾಲು, ಸನ್ಮಾನ ಏನೂ ಇರುವುದಿಲ್ಲ. ವಾಷಿಂಗ್ಟನ್ ಸುತ್ತಮುತ್ತಲಿನ ಕೆಲವು ಪುಟ್ಟ ಖಾಸಗಿ ಹೈಸ್ಕೂಲುಗಳು ತಮ್ಮತಮ್ಮಲ್ಲೇ ಪಂದ್ಯ ಆಡಿಕೊಳ್ಳಲು ಕಟ್ಟಿಕೊಂಡ ಒಕ್ಕೂಟ ಅದು. ಹುಡುಗಿಯರಿಗೆ ಓಟ ಯಾಕೆ ಎಂದು ದೊಡ್ಡ ಶಾಲೆಗಳು ಮೂಗು ಮುರಿಯುತ್ತಿದ್ದ ಎಪ್ಪತ್ತರ ದಶಕದಲ್ಲಿ, ಸಣ್ಣ ಶಾಲೆಗಳ ಕೆಲವು ಮೇಷ್ಟ್ರುಗಳು ಚರ್ಚೊಂದರ ನೆಲಮಾಳಿಗೆಯಲ್ಲಿ ಸೇರಿ, ನೀವು ಓಡಿಸದಿದ್ದರೆ ನಾವೇ ಓಡಿಸುತ್ತೇವೆ ಎಂದು ಶುರು ಮಾಡಿದ್ದರು. ಅವರ ಬಳಿ ಮೈದಾನವೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಹಟ ಮಾತ್ರ ಬೇಕಾದಷ್ಟಿತ್ತು.

ಮುಂದೆ ಕೆಲವು ವರ್ಷಗಳಾದ ಮೇಲೆ ಮಗಳು ಓಡುವುದನ್ನು ನೋಡಲು ಹೋಗಿದ್ದ ಕೃಷ್ಣಸ್ವಾಮಿಯವರ ಕೈಗೆ ಯಾರೋ ಒಬ್ಬರು, "ನೀವು ಲ್ಯಾಬಿನವರಲ್ಲವೇ, ಇದನ್ನು ಹಿಡಿಯಿರಿ" ಎಂದು ಸ್ಟಾಪ್‌ವಾಚ್ ಕೊಟ್ಟರು. ಗೈದರ್ಸ್‌ಬರ್ಗಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಆಗ ಅವರ ಹೆಸರನ್ನು ನೆಟ್ಟಗೆ ಹೇಳುವವರೂ ಇರಲಿಲ್ಲ. ಈ ದೇಶ ತನ್ನನ್ನು ನಂಬಿ ಕೈಗಿತ್ತ ಮೊದಲ ವಸ್ತು ಇದು ಎಂದು ಅವರಿಗೆ ಅನ್ನಿಸಿತು. ಹಿಡಿದವರು ಬಿಡಲೇ ಇಲ್ಲ. ಟೈಮ್‌ಕೀಪರ್ ಆದರು, ಕಾರ್ಯದರ್ಶಿಯಾದರು, ಬೇರೆ ಯಾರೂ ಒಪ್ಪದ ಕಾರಣ ಕೊನೆಗೆ ಅಧ್ಯಕ್ಷರೂ ಆದರು.

ಆಮೇಲೆ ಕೋವಿಡ್ ಬಂತು. ಒಂದಿಡೀ ವರ್ಷ ಯಾರೂ ಓಡಲಿಲ್ಲ. ಬಾಗಿಲು ತೆರೆದ ಮೇಲೆ ದುಡ್ಡಿದ್ದ ಶಾಲೆಗಳು ದೊಡ್ಡ ಕಾನ್ಫರೆನ್ಸುಗಳ ಕಡೆಗೆ ಒಂದೊಂದಾಗಿ ಕಂಬಿ ಕಿತ್ತವು. 2023ರ ಬೇಸಿಗೆಯಲ್ಲಿ ಎಣಿಸಿ ನೋಡಿದರೆ ಉಳಿದದ್ದು ಮೂರು. ಒಕ್ಕೂಟದ ಹಳೆಯ ನಿಯಮ ನಾಲ್ಕು ಕೇಳುತ್ತಿತ್ತು. ಚಾಂಪಿಯನ್‌ಶಿಪ್ಪಿನ ದಿನ ನಾಲ್ಕು ಶಾಲೆಗಳ ಪೂರ್ತಿ ತಂಡಗಳು ಓಟ ಮುಗಿಸಬೇಕು. ಇಲ್ಲವಾದರೆ ಚಾಂಪಿಯನ್ ಇಲ್ಲ, ಮೆಡಲ್ ಇಲ್ಲ, ಅಲ್ಲಿಗೆ ಕಾನ್ಫರೆನ್ಸೂ ಇಲ್ಲ. ಕಾಡುದಾರಿಯ ಈ ಓಟದಲ್ಲಿ ತಂಡ ಎಂದರೆ ಐದು ಜನ. ನಾಲ್ವರು ಗಾಳಿಯಂತೆ ಓಡಿಬಂದರೂ ಐದನೆಯವಳು ಬರದಿದ್ದರೆ ತಂಡ ಲೆಕ್ಕಕ್ಕಿಲ್ಲ.

ಉಳಿದ ಮೂರರಲ್ಲೊಂದು ಶಾಲೆಯ ಹೆಡ್‌ಮಾಸ್ಟರ್ ವಿಟಕರ್ ಸಭೆಯಲ್ಲಿ ಬಲು ನಯವಾಗಿ, "ಗೌರವದಿಂದ ಮುಗಿಸಿಬಿಡೋಣ, ಕ್ರಿಸ್" ಎಂದ. ಕೃಷ್ಣಸ್ವಾಮಿಯವರು ಅವನ ಬಾಯಲ್ಲಿ ಕ್ರಿಸ್. ಅವನ ಒಂದು ಕಾಲು ಆಗಲೇ ಸಿರಿವಂತರ ಕಾನ್ಫರೆನ್ಸಿನೊಳಗಿತ್ತು.

ಮನೆಗೆ ಬಂದ ಕೃಷ್ಣಸ್ವಾಮಿಯವರು ಕೋಟು ಕೂಡ ಕಳಚದೆ ಗುಡುಗಿದರು. "ಇನ್ನೂ ಉಸಿರಾಡ್ತಿರೋದಕ್ಕೆ ಎಳ್ಳುನೀರು ಬಿಡೋಕೆ ಇವನ್ಯಾರು ಕಣೇ?"

"ನನ್ನ ಮುಂದೆ ಕೂಗಾಡಿದ್ರೆ ನಾನು ಹೋಗಿ ಓಡೋಕಾಗತ್ತಾ? ನಾಲ್ಕನೇ ಸ್ಕೂಲು ಹುಡುಕಿ" ಎಂದರು ಹೆಂಡತಿ ರಾಜಲಕ್ಷ್ಮಿ.

ಹುಡುಕಿದರು. ಆಶ್‌ಬರ್ನಿನ ಡೇಟಾ ಸೆಂಟರುಗಳ ನಡುವೆ, ಬಾಡಿಗೆ ಕಟ್ಟಡವೊಂದರಲ್ಲಿ, ಲ್ಯಾಂಟರ್ನ್ ಅಕಾಡೆಮಿ ಎಂಬ ಪುಟ್ಟ ಹೈಸ್ಕೂಲು ಇತ್ತು. ಅದರ ಪ್ರಿನ್ಸಿಪಾಲ್ ಸಿದ್ದೇಶ್ವರಿ ವಿಜಯಪುರದವಳು, ಕಾಲೇಜಿನಲ್ಲಿ ಖೋ ಖೋ ಆಡಿದವಳು. ಮಕ್ಕಳು ರೋಬೋಟ್ ಕಟ್ಟುತ್ತಿದ್ದರು, ಗಣಿತದಲ್ಲಿ ಕಪ್ಪು ಗೆಲ್ಲುತ್ತಿದ್ದರು. ಬಸ್ಸು ತಪ್ಪಿದಾಗ ಬಿಟ್ಟರೆ ಓಡಿದವರಲ್ಲ.

ಪೋಷಕರ ಸಭೆಯಲ್ಲಿ ತಾಯಿಯೊಬ್ಬಳು ಕೇಳಿದಳು: "ಅಂಕಲ್, ಇದು ಕಾಲೇಜ್ ಅಪ್ಲಿಕೇಶನ್‌ಗೆ ಹೆಲ್ಪ್ ಆಗತ್ತಾ?"

"ತುಂಬಾ ಹೆಲ್ಪ್ ಆಗತ್ತಮ್ಮ" ಎಂದು ಕೃಷ್ಣಸ್ವಾಮಿಯವರು ಚಾವಣಿ ನೋಡಿದರು.

ಹಾಗೂ ಹೀಗೂ ಐವರು ಹುಡುಗಿಯರು ಸಿಕ್ಕರು, ಐವರೂ ಕನ್ನಡದ ಮನೆಯವರೇ, ಆರನೆಯವಳು ಸಿಗಲಿಲ್ಲ. ಐದನೆಯವಳು ಇಶಾ. ಅವಳಿಗೆ ಬೆವರು ಕಂಡರಾಗದು, ಮಣ್ಣು ಕಂಡರಂತೂ ಮೊದಲೇ ಆಗದು. ಸಿದ್ದೇಶ್ವರಿ ಬೆಳಗ್ಗೆ ಬೆಳಗ್ಗೆ ಅವರನ್ನು ಡೇಟಾ ಸೆಂಟರಿನ ಬೇಲಿಯುದ್ದಕ್ಕೂ ಓಡಿಸುತ್ತಿದ್ದಳು. ಇಶಾ ಹಿಂದಿನಿಂದ ನಡೆದುಕೊಂಡು ಬಂದು, "ಆಂಟಿ, ನಾನು ಫಿನಿಶ್ ಮಾಡ್ದೆ" ಎನ್ನುತ್ತಿದ್ದಳು. ಅಕ್ಟೋಬರ್ ಹೊತ್ತಿಗೆ ನಡೆಯುವುದು ಹೋಗಿ ಓಟದಂಥದ್ದೇನೋ ಬಂದಿತ್ತು.

ಆಗ ಆಯಿತು ನೋಡಿ ಎಡವಟ್ಟು. ಕೃಷ್ಣಸ್ವಾಮಿಯವರ ಬದುಕಿಗೆ ಎರಡು ಕ್ಯಾಲೆಂಡರುಗಳು. ಅಮೆರಿಕದ ಕೆಲಸಕ್ಕೆ ಫೋನಿನೊಳಗಿನದು, ನಮ್ಮವರ ಕೆಲಸಕ್ಕೆ ಅಡುಗೆಮನೆ ಗೋಡೆಯಲ್ಲಿ ತಿಥಿ ನಕ್ಷತ್ರದ ಸಮೇತ ನೇತಾಡುವುದು. ಇಷ್ಟು ವರ್ಷಗಳಲ್ಲಿ ಅವೆರಡೂ ಒಂದರ ಮುಖ ಒಂದು ನೋಡಿದ್ದಿಲ್ಲ. ನವೆಂಬರ್ ಮೊದಲ ಶನಿವಾರ ಚಾಂಪಿಯನ್‌ಶಿಪ್ ಎಂದು ಫೋನಿನಲ್ಲಿ ಬರೆದುಕೊಂಡವರು ಅವರೇ. ಬಾವುಟ ಹಾರಿಸಲು ನಿಮಗೆ ಯಾವ ದಿನ ಅನುಕೂಲ ಎಂದು ಕನ್ನಡ ಕೂಟದವರು ಕೇಳಿದಾಗ, ಗೋಡೆ ನೋಡಿ, ರಾಜ್ಯೋತ್ಸವ ಮೊದಲ ಶನಿವಾರವೇ ಇಟ್ಟುಕೊಳ್ಳಿ, ನಾನು ಫ್ರೀ ಎಂದವರೂ ಅವರೇ.

ಸಿದ್ದೇಶ್ವರಿ ಫೋನಿನಲ್ಲಿ ಬಾಯಿ ಬಡಿದುಕೊಂಡಳು. "ಏನ್ ಮಾಡಿಟ್ರಿ ಸರ? ನಮ್ಮ ಐದೂ ಹುಡುಗ್ಯಾರು ಅವತ್ತ ಕೂಟದ ಡಾನ್ಸಿನ್ಯಾಗ ಅದಾರ್ರೀ!"

ಓಟಕ್ಕೆ ಪಾರ್ಕು ಬುಕ್ ಆಗಿತ್ತು, ರಾಜ್ಯೋತ್ಸವಕ್ಕೆ ಆಶ್‌ಬರ್ನಿನ ಸಭಾಂಗಣವೂ ಬುಕ್ ಆಗಿತ್ತು. ವಿಟಕರ್‌ಗೆ ದಿನ ಬದಲಿಸು ಎನ್ನುವುದೂ ಒಂದೇ, ಕಾನ್ಫರೆನ್ಸು ಮುಚ್ಚಿಬಿಡು ಎನ್ನುವುದೂ ಒಂದೇ. ಓಟ ಬೆಳಗ್ಗೆ, ಡಾನ್ಸು ಮಧ್ಯಾಹ್ನ, ಡಾನ್ಸಿನ ಮೇಕಪ್ಪಿಗೇ ಎರಡು ತಾಸು ಬೇಕು ಎಂದು ತಾಯಂದಿರು ಪಟ್ಟು ಹಿಡಿದರು. ಐವತ್ತು ವರ್ಷದ ಒಕ್ಕೂಟವನ್ನು ತನ್ನ ಕೈಯಾರೆ ಮುಳುಗಿಸಿದೆನಲ್ಲ ಎಂದು ಮುದುಕರು ತಲೆ ಮೇಲೆ ಕೈ ಹೊತ್ತು ಕುಳಿತರು. ಅವರಿಗೆ ನಿಜಕ್ಕೂ ಅಳು ಬಂತು.

ದಾರಿ ತೋರಿಸಿದವಳು ಸಿದ್ದೇಶ್ವರಿಯೇ. "ಮೇಕಪ್ ಮೊದಲ ಆಗ್ಲಿ, ಓಟ ಆಮ್ಯಾಲೆ, ಸೀರಿ ಕಾರಿನ್ಯಾಗ. ಬಣ್ಣ ಇಳದ್ರ ಮತ್ತ ಹಚ್ಚೋಣ್ರೀ."

"ಸೀರೆ ನಾನು ಹೊತ್ಕೊಂಡು ಬರ್ತೀನಿ. ಡ್ರೈವ್ ಮಾತ್ರ ಇವರು ಮಾಡೋದು ಬೇಡ" ಎಂದರು ರಾಜಲಕ್ಷ್ಮಿ.

ಹೀಗಾಗಿ ಆ ಶನಿವಾರ ಬೆಳಗ್ಗೆ ಪಾರ್ಕಿನಲ್ಲಿ ವ್ಯಾನಿನಿಂದ ಐವರು ಇಳಿದಾಗ ಉಳಿದ ಮೂರು ಶಾಲೆಗಳ ಮಕ್ಕಳು ಮೈ ಸಡಿಲಿಸುವುದನ್ನೇ ಮರೆತು ನಿಂತರು. ಕೆಳಗೆ ಚಡ್ಡಿ, ಬೂಟು, ಜೆರ್ಸಿ. ಮೇಲೆ ಕಿವಿಯವರೆಗೆ ಎಳೆದ ಕಾಡಿಗೆ, ಕೆಂಪು ತುಟಿ, ಹಣೆಗೆ ಬೊಟ್ಟು, ಹೂ ಸುತ್ತಿದ ಉದ್ದ ಜಡೆ.

"ಕ್ರಿಸ್, ಇದು ಓಟವೋ ಮೆರವಣಿಗೆಯೋ?" ಎಂದ ವಿಟಕರ್.

"ಎರಡೂ" ಎಂದರು ಕೃಷ್ಣಸ್ವಾಮಿಯವರು.

ಪಿಸ್ತೂಲು ಸಿಡಿಯಿತು. ಎಲ್ಲರೂ ಕಾಡಿನೊಳಗೆ ಮರೆಯಾದರು. ಮೊದಲು ಹೊರಬಂದವಳು ವಿಟಕರ್ ಶಾಲೆಯ ಕ್ಲೇರ್, ಎತ್ತರದ ಹುಡುಗಿ, ಮೂರು ವರ್ಷದಿಂದ ಇದೇ ಒಂದು ಮೆಡಲ್ಲಿಗಾಗಿ ಓಡಿದವಳು. ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದು ನಕ್ಕಳು. ಅವಳ ಹಿಂದೆ ಮೂರೂ ಶಾಲೆಗಳವರು ಒಬ್ಬೊಬ್ಬರಾಗಿ ಬಂದರು. ಲ್ಯಾಂಟರ್ನಿನ ಮೊದಲ ಹುಡುಗಿ ನಡುವೆ ನುಗ್ಗಿ ಬಂದಾಗ ಸಿದ್ದೇಶ್ವರಿ ಶಿಳ್ಳೆ ಹೊಡೆದಳು. ಎರಡನೆಯವಳು ಬಂದಳು, ಮೂರನೆಯವಳು ಬಂದಳು. ನಾಲ್ಕನೆಯವಳು ಅರ್ಧ ಕಿತ್ತ ಜಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು.

ಆಮೇಲೆ ಯಾರೂ ಬರಲಿಲ್ಲ. ಕಾಡಿನ ಬಾಯಿ ಖಾಲಿ ಇತ್ತು. ನಿಗದಿಯಾದ ಹೊತ್ತಿಗೆ ದಾರಿ ಮುಚ್ಚಬೇಕು, ಆಮೇಲೆ ಬಂದವರು ಬಂದಂತಲ್ಲ.

"ಟೈಮ್ ಎಷ್ಟು, ಕ್ರಿಸ್?" ಎಂದ ವಿಟಕರ್.

ಸುಳ್ಳು ಹೇಳಬಹುದಿತ್ತು. ಗಡಿಯಾರ ಅವರ ಕೈಯಲ್ಲೇ ಇತ್ತು. ಆದರೆ ಆ ಕೈಗೆ ಅದು ಬಂದದ್ದೇ ನಂಬಿಕೆಯಿಂದ. "ಇನ್ನು ಎರಡು ನಿಮಿಷ" ಎಂದರು.

ಕ್ಲೇರ್ ಅಷ್ಟರಲ್ಲಿ ಯಾರನ್ನೋ ಏನೋ ಕೇಳಿದಳು, ಉತ್ತರ ಕೇಳಿ ಅವಳ ಮುಖದ ನಗು ಇಳಿದುಹೋಯಿತು. ಆ ಬಣ್ಣದ ಮುಖದ ಹುಡುಗಿಯರಲ್ಲಿ ಇನ್ನೊಬ್ಬಳು ಬರದಿದ್ದರೆ ತಾನು ಗೆದ್ದದ್ದೂ ಗೆದ್ದಂತಲ್ಲ. ಅವಳು ಎದ್ದು ಕಾಡಿನ ಕಡೆ ಓಡಿದಳು, ದಾರಿಯುದ್ದಕ್ಕೂ ಕಟ್ಟಿದ್ದ ಹಗ್ಗದ ಆಚೆಯಿಂದ.

ಆಗ ಕಂಡಿತು. ಮೊಣಕಾಲವರೆಗೆ ಕೆಸರು, ಒಂದು ಕಾಲಿನ ಬೂಟು ಕಾಡಿನೊಳಗಿನ ತೊರೆಯ ಪಾಲು, ಕಾಡಿಗೆ ಕರಗಿ ಗಲ್ಲದವರೆಗೆ ಇಳಿದಿತ್ತು. ಇಶಾ ಕುಂಟುತ್ತಾ, ಬಿಕ್ಕುತ್ತಾ ಬರುತ್ತಿದ್ದಳು. ಬರುತ್ತಿದ್ದಳು, ಅಷ್ಟು ಸಾಕು.

ಗೆರೆಯ ಬಳಿ ನಿಂತ ಟೈಮ್‌ಕೀಪರ್ ಯಾರನ್ನೂ ಹುರಿದುಂಬಿಸಕೂಡದು. ಸ್ವಂತ ಮಗಳು ಓಡಿದಾಗಲೂ ಕೃಷ್ಣಸ್ವಾಮಿಯವರು ತುಟಿ ಬಿಚ್ಚಿದವರಲ್ಲ. ಈಗ ಅವರು ಎಷ್ಟು ಜೋರಾಗಿ ಕಿರುಚಿದರೆಂದರೆ ದೂರದ ಕಾರಿನ ಬಳಿ ಸೀರೆ ಹಿಡಿದು ನಿಂತಿದ್ದ ರಾಜಲಕ್ಷ್ಮಿ ಬೆಚ್ಚಿಬಿದ್ದರು.

"ಓಡೇ ಪುಟ್ಟಾ! ಓಡು! ನಿಲ್ಬೇಡ ಕಣೇ!"

ಸಿದ್ದೇಶ್ವರಿ ಕೂಗಿದಳು. ನಾಲ್ವರು ಹುಡುಗಿಯರು ಕೂಗಿದರು. ಕ್ಲೇರ್ ಹಗ್ಗದ ಆಚೆ ಇಶಾಳ ಸಮಕ್ಕೆ ಓಡುತ್ತಾ ಗಂಟಲು ಹರಿದುಕೊಂಡಳು. ಅವಳ ಶಾಲೆಯವರು, ಉಳಿದೆರಡು ಶಾಲೆಯವರು, ಎಲ್ಲರೂ ಇಶಾಳ ಹೆಸರನ್ನು ತಮಗೆ ಬಂದ ಹಾಗೆ ಕೂಗಿದರು. ಕೃಷ್ಣಸ್ವಾಮಿಯವರು ಓರೆಗಣ್ಣಿನಲ್ಲಿ ನೋಡಿದರೆ ವಿಟಕರ್ ಟೊಪ್ಪಿ ತೆಗೆದು ಗಾಳಿಯಲ್ಲಿ ಬೀಸುತ್ತಿದ್ದ! ಪಾಪ, ಅವನ ಹುಡುಗಿಯ ಮೆಡಲ್ಲೂ ಆ ಒಂಟಿ ಬೂಟಿನ ಮೇಲೇ ನಿಂತಿತ್ತು.

ಇಶಾ ಗೆರೆ ದಾಟಿದಳು. ವಾಚಿನಲ್ಲಿ ಇನ್ನೂ ಹೊತ್ತು ಉಳಿದಿತ್ತು.

ಆ ಗದ್ದಲವನ್ನು ಏನೆಂದು ಹೇಳುವುದು! ಕಪ್ಪು ಯಾರದೋ ಆಗಿತ್ತು, ಗೆದ್ದವರು ಮಾತ್ರ ಎಲ್ಲರೂ. ನಾಲ್ಕು ತಂಡ, ಒಬ್ಬಳು ಚಾಂಪಿಯನ್, ಮುಂದಿನ ವರ್ಷ ಮತ್ತೆ ಓಟ. ಮುದುಕರು ಕಣ್ಣೊರೆಸಿಕೊಳ್ಳಲು ಮರೆತು, ನೆಲದ ಮೇಲೆ ಕುಸಿದಿದ್ದ ಇಶಾಳ ಪಕ್ಕ ಮಂಡಿಯೂರಿದರು. ಆ ಮಂಡಿ ಅಷ್ಟು ಬಗ್ಗಿ ಬಹಳ ಕಾಲವಾಗಿತ್ತು.

"ತಾತಾ, ನಾನು ಲಾಸ್ಟ್ ಬಂದ್ನಾ?" ಎಂದಳು ಇಶಾ, ಮೂಗು ಒರೆಸಿಕೊಳ್ಳುತ್ತಾ.

"ಹೌದು ಮಗು, ಲಾಸ್ಟೇ. ಆದ್ರೆ ನೀನು ಲಾಸ್ಟ್ ಬಂದಿದ್ದಕ್ಕೇ ಆ ಕ್ಲೇರ್ ಫಸ್ಟ್ ಬಂದಿದ್ದು ನೋಡು. ನೀನು ಬರದೇ ಇದ್ದಿದ್ರೆ ಅವಳಿಗೂ ಮೆಡಲ್ ಇರ್ತಿರ್ಲಿಲ್ಲ, ನನಗೂ ಕಾನ್ಫರೆನ್ಸ್ ಇರ್ತಿರ್ಲಿಲ್ಲ."

ಇಶಾ ಆ ಲೆಕ್ಕವನ್ನು ಒಂದು ಗಳಿಗೆ ಯೋಚಿಸಿದಳು. ಗಣಿತದ ಹುಡುಗಿ, ಸರಿ ಕಂಡಿತು.

"ಹಾಗಾದ್ರೆ ಅವಳು ನಂಗೆ ಥ್ಯಾಂಕ್ಸ್ ಹೇಳ್ಬೇಕು" ಎಂದಳು.

ಕನ್ನಡದ ಒಂದಕ್ಷರ ಬಾರದ ಕ್ಲೇರ್ ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಅದಕ್ಕೇ ಬರುತ್ತಿದ್ದಳು.