ಕಲ್ಲಿನ ಮೇಲಿನ ಹೆಂಡತಿ

ಕಲ್ಲಿನ ಮೇಲೆ ಹೊದಿಸಿದ್ದ ಬಿಳಿ ಬಟ್ಟೆ ಸರಿದ ಕೂಡಲೇ ಮೊದಲು ನಕ್ಕವಳು ಸತ್ತವನ ಮಗಳು. ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದಳು, ನಿಜ. ಆದರೆ ಅಷ್ಟರಲ್ಲಿ ನಗು ಹಬ್ಬಿಬಿಟ್ಟಿತ್ತು. ಡಿಪೋದ ಡ್ರೈವರುಗಳು, ಟಿಕೆಟ್ ತಪಾಸಣೆಯವರು, ಅಕ್ಕಪಕ್ಕದ ಮನೆಯವರು, ಎಲ್ಲರೂ ತಾವು ನಿಂತಿರುವುದು ಸ್ಮಶಾನದಲ್ಲಿ ಎನ್ನುವುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹಿಂದೆ ನಿಂತಿದ್ದರಿಂದ ಅಕ್ಷರಗಳು ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಅಕ್ಕನ ಬೆನ್ನು ಮಾತ್ರ. ಅದು ಅಲುಗಾಡಲಿಲ್ಲ.

ಜನ ಚದುರಿದ ಮೇಲೆ ಮುಂದೆ ಹೋಗಿ ಓದಿದೆ.

"ನನ್ನ ಸ್ಟಾಪ್ ಬಂತು, ಇಳಿದೆ.
ನನ್ನ ಹೆಂಡತಿಗೆ ವಿಳಾಸ ಕೊಡಬೇಡಿ."

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ನಾವಿಬ್ಬರೂ ಜೊತೆಯಲ್ಲಿ ಕೆಲಸ ಮಾಡುತ್ತೇವೆ. ಬಿಸಿಬಿಸಿ ಹಾಸಿಗೆ ಬಟ್ಟೆಯ ಎರಡು ತುದಿ ಅವಳು, ಎರಡು ತುದಿ ನಾನು ಹಿಡಿದು, ಜಗ್ಗಿ, ಕೊಡವಿ, ಒಬ್ಬರ ಕಡೆಗೊಬ್ಬರು ನಡೆದುಬಂದು ಮಡಿಸುವ ಕೆಲಸ. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ. ಕೇಳಿಸಿದರೂ ಅಕ್ಕ ಆಡುವವಳಲ್ಲ. ಬೇಕಾದರೆ ಹುಬ್ಬು ಹಾರಿಸುತ್ತಾಳೆ, ಬೇಡದಿದ್ದರೆ ಅದೂ ಇಲ್ಲ. ಇಂಥವಳಿಗೆ ಅವಳ ಗಂಡ ಇಟ್ಟಿದ್ದ ಹೆಸರು ಲೌಡ್‌ಸ್ಪೀಕರ್.

ಅವನು ಬಸ್ ಕಂಡಕ್ಟರ್. ಮಾರುಕಟ್ಟೆಯಿಂದ ಆಸ್ಪತ್ರೆ ದಾಟಿ ಹೋಗುವ ದಾರಿಯಲ್ಲಿ ಅವನನ್ನು ಕಾಣದವರಿಲ್ಲ. ಕೆಲವರು ಅವನ ಬಸ್ಸೇ ಬರಲಿ ಎಂದು ಮುಂದಿನದನ್ನು ಕಾಯುತ್ತಿದ್ದರು. ಚಿಲ್ಲರೆ ಕೊಡುವಾಗೊಂದು ಮಾತು, ಬೆಲ್ ಹೊಡೆಯುವಾಗೊಂದು ಮಾತು. ಬಸ್ಸು ಕೆಟ್ಟು ನಿಂತರೆ, "ನಮ್ಮನೆಯವಳನ್ನ ಕರೆಸ್ತೀನಿ ಇರಿ, ಅವಳು ಒಂದು ಸಲ ಕೂಗಿದ್ರೆ ಇಂಜಿನ್ ತಾನಾಗೇ ಓಡುತ್ತೆ" ಎನ್ನುತ್ತಿದ್ದ. ಸಾರು ಕೆಟ್ಟಿದ್ದು, ಸೊಂಟ ದಪ್ಪಗಾಗಿದ್ದು, ಗೊರಕೆ, ಎಲ್ಲವೂ ಟಿಕೆಟ್ಟಿನ ಜೊತೆ ಪ್ರಯಾಣಿಕರ ಕೈಗೆ ಹೋಗುತ್ತಿತ್ತು. ಅರ್ಧಕ್ಕರ್ಧ ಸುಳ್ಳು. ಅಕ್ಕ ಕೆಲಸಕ್ಕೆ ನಡೆದೇ ಬರುತ್ತಿದ್ದಳು. ಗಂಡ ಕಂಡಕ್ಟರ್ ಆಗಿಯೂ ಇವಳು ಬಸ್ಸಿಗೆ ಹತ್ತುವುದಿಲ್ಲ ಎನ್ನುವುದು ನಮಗೆಲ್ಲ ವಿಚಿತ್ರವಾಗಿ ಕಾಣುತ್ತಿತ್ತು. ಕೇಳಿದರೆ, "ಮಂಡಿಗೆ ಒಳ್ಳೇದು" ಅನ್ನುತ್ತಿದ್ದಳು.

ಅವನು ಒಂದು ಬೆಳಿಗ್ಗೆ ಡಿಪೋದಲ್ಲಿ ಕುಸಿದು ಬಿದ್ದು ಹೋಗಿಬಿಟ್ಟ. ಅದಕ್ಕೆ ಬಹಳ ಹಿಂದೆಯೇ ತನ್ನ ಗೆಳೆಯನಾದ ಕಲ್ಲುಕೆತ್ತುವವನಿಗೆ ಹೇಳಿ ಆ ಎರಡು ಸಾಲು ಕೆತ್ತಿಸಿಟ್ಟಿದ್ದನಂತೆ. ಮಗಳಿಗೂ ಹೇಳಿರಲಿಲ್ಲ. ಹೇಳಿದ್ದರೆ ತಮಾಷೆ ಕೆಡುತ್ತಿತ್ತಲ್ಲ.

ಕಲ್ಲು ನಿಲ್ಲಿಸಿದ ಮೇಲೆ ಅದನ್ನು ನೋಡಲು ಜನ ಬರತೊಡಗಿದರು. ಒಂದು ವಾರಪತ್ರಿಕೆಯವರು ಗೋರಿಗಳ ಮೇಲಿನ ನಗೆಮಾತುಗಳನ್ನು ಒಟ್ಟುಮಾಡಿ ಒಂದು ಪುಟ ಮಾಡಿದರು. ಒಬ್ಬ ಮೇಷ್ಟರ ಗೋರಿ: "ಗಲಾಟೆ ಮಾಡಬೇಡಿ, ಹಿಂದಿನ ಸಾಲಿನವರು ಮಲಗಿದ್ದಾರೆ, ನಾನೂ." ಒಬ್ಬ ಗಡಿಯಾರ ರಿಪೇರಿಯವನದು: "ನಿಂತುಹೋಯಿತು. ನನ್ನಿಂದ ಆಗಲಿಲ್ಲ." ನಡುವೆ ದೊಡ್ಡದಾಗಿ ಕಂಡಕ್ಟರನ ಕಲ್ಲಿನ ಫೋಟೊ. ಕೆಳಗೆ ಬರೆದಿದ್ದರು: "ಗಯ್ಯಾಳಿ ಹೆಂಡತಿಯಿಂದ ಕೊನೆಗೂ ತಪ್ಪಿಸಿಕೊಂಡ ಗಂಡ."

ಆ ಪುಟವನ್ನು ಯಾರೋ ಕತ್ತರಿಸಿ ಲಾಂಡ್ರಿಯ ಬಾಗಿಲಿಗೆ ಅಂಟಿಸಿದರು. ಅಕ್ಕ ಅದರ ಮುಂದೆ ನಿಂತು ಪೂರ್ತಿ ಓದಿದಳು. ಬಾಗಿಲಿನಿಂದ ಕಿತ್ತಳು. ಮಡಿಸಿದಳು. ಜೇಬಿನಲ್ಲಿಟ್ಟುಕೊಂಡಳು. ಅವತ್ತು ಹಾಸಿಗೆ ಬಟ್ಟೆ ಜಗ್ಗಿದ ರಭಸಕ್ಕೆ ನನ್ನ ತುದಿ ಎರಡು ಸಲ ಕೈಜಾರಿತು.

"ಮಧ್ಯಾಹ್ನ ನನ್ನ ಜೊತೆ ಬರ್ತೀಯಾ?" ಎಂದಳು. "ಆ ಕಲ್ಲಿನವನ ಹತ್ರ ಹೋಗಬೇಕು."

ಅವನ ಅಂಗಡಿಯ ಅಂಗಳದ ತುಂಬ ಹೆಸರಿಲ್ಲದ ಕಲ್ಲುಗಳು ಸಾಲಾಗಿ ನಿಂತಿದ್ದವು. ಅವನು ಕನ್ನಡಕದ ಮೇಲಿನ ಧೂಳು ಒರೆಸಿಕೊಂಡು ಎದ್ದು ಬಂದ.

"ಬನ್ನಿ ಅತ್ತಿಗೆ, ಬನ್ನಿ. ಪೇಪರ್ ನೋಡಿದ್ರಾ? ನನ್ನ ಗೆಳೆಯ ಸತ್ತೂ ಫೇಮಸ್ ಆಗಿಬಿಟ್ಟ!"

"ಎರಡನೇ ಸಾಲು ತೆಗೆದುಹಾಕಿ" ಎಂದಳು ಅಕ್ಕ.

ಅವನ ನಗು ನಿಂತಿತು. "ಅದೇ ತಾನೇ ಅತ್ತಿಗೆ ಅದರ ಜೀವ? ಅದು ತೆಗೆದ್ರೆ ಏನು ಉಳಿಯುತ್ತೆ?"

"ಅವರು ಉಳೀತಾರೆ."

"ನೋಡಿ, ಅವನು ನನ್ನ ಕೈಯಲ್ಲಿ ಮಾತು ತಗೊಂಡು ಹೋಗಿದಾನೆ. ಸತ್ತವನ ಮಾತು ಮೀರೋಕಾಗಲ್ಲ. ಒಂದು ಕೆಲಸ ಮಾಡೋಣ. ಕಲ್ಲಿನಲ್ಲಿ ಅರ್ಧ ಜಾಗ ನಿಮಗೇ ಅಂತ ಖಾಲಿ ಬಿಟ್ಟಿದೀನಿ. ಅಲ್ಲಿ ನೀವೂ ಒಂದು ಜವಾಬು ಬರೆಸಿಬಿಡಿ. 'ಹುಡುಕ್ಕೊಂಡು ಬಂದೇ ಬಂದೆ' ಅಂತ! ಜನ ಬಿದ್ದು ಬಿದ್ದು ನಗ್ತಾರೆ."

ಅಕ್ಕ ಜೇಬಿನಿಂದ ಪತ್ರಿಕೆಯ ಹಾಳೆ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. "ಈ ಮೇಷ್ಟ್ರು ಯಾರನ್ನ ಆಡ್ಕೊಂಡಿದಾರೆ? ತಮ್ಮನ್ನೇ. ಈ ಗಡಿಯಾರದವರು? ಅವರೂ ತಮ್ಮನ್ನೇ. ಓದಿ ನಾನೂ ನಕ್ಕೆ. ನಿಮ್ಮ ಗೆಳೆಯನಿಗೆ ತನ್ನ ಸಾವಲ್ಲೂ ಆಡ್ಕೊಳ್ಳೋಕೆ ನಾನೇ ಸಿಕ್ಕಿದ್ನಾ? ಈಗ ನಾನು ಸತ್ತ ಮೇಲೂ ಅವನ ಪಕ್ಕ ಮಲಗಿ ಜವಾಬು ಕೊಡ್ತಾ ಇರಬೇಕಾ?"

ಅಷ್ಟು ವರ್ಷ ಅಕ್ಕ ಗಂಡನನ್ನು 'ಅವರು' ಎಂದೇ ಅನ್ನುತ್ತಿದ್ದಳು. 'ಅವನು' ಎಂದದ್ದನ್ನು ನಾನು ಕೇಳಿದ್ದು ಅಂದೇ.

ಕಲ್ಲಿನವನು ಮುಖ ಗಂಟಿಕ್ಕಿಕೊಂಡ. "ತಮಾಷೇನ ತಮಾಷೆ ಥರ ತಗೋಬೇಕಮ್ಮ" ಎಂದು ಒಳಗೆ ಹೋದ. 'ಅತ್ತಿಗೆ' ಹೋಗಿ 'ಅಮ್ಮ' ಬಂದಿತ್ತು.

ಮಗಳಿಗೆ ಫೋನ್ ಮಾಡಿದರೆ ಅವಳೂ ಅದನ್ನೇ ಹೇಳಿದಳು. ಅವಳು ಒಂದು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ, ಅಪ್ಪನೆಂದರೆ ಪ್ರಾಣ. "ಗಿರಾಕಿಗಳೆಲ್ಲ ಅಪ್ಪನ್ನ ನೆನೆಸ್ಕೊಂಡು ನಗ್ತಾ ಹೋಗ್ತಾರೆ ಅಮ್ಮಾ. ನನಗೆ ಅದೊಂದೇ ಸಮಾಧಾನ. ಅದನ್ನೂ ಕಿತ್ಕೋಬೇಡ."

ಅಕ್ಕ ಫೋನ್ ಇಟ್ಟಳು. ಮಾರನೆಯ ದಿನ ರಜೆ. ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿ ತೆರೆಯುತ್ತಿದ್ದಂತೆ ಒಂದು ಸುತ್ತಿಗೆ, ಒಂದು ಉಳಿ ಕೊಂಡಳು. ನನ್ನ ಮನೆ ಬಾಗಿಲು ಬಡಿದು, "ನೀನು ಏನೂ ಮಾಡೋದು ಬೇಡ, ಸುಮ್ಮನೆ ಜೊತೆಗಿರು" ಎಂದಳು.

ಸ್ಮಶಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅಕ್ಕ ಗೋರಿಯ ಅಂಚಿನ ಮೇಲೆ ಮಂಡಿಯೂರಿ ಕೂತು, 'ನನ್ನ ಹೆಂಡತಿಗೆ' ಎನ್ನುವುದರ ಮೊದಲ ಅಕ್ಷರಕ್ಕೆ ಉಳಿ ಇಟ್ಟು ಹೊಡೆದಳು. ಉಳಿ ಜಾರಿತು. ಇನ್ನೊಂದು ಸಲ ಹೊಡೆದಳು. ಹೆಬ್ಬೆರಳಿಗೆ ಬಿತ್ತು. ಬೆರಳು ಬಾಯಲ್ಲಿಟ್ಟುಕೊಂಡು, ತೆಗೆದು, ಮತ್ತೆ ಹೊಡೆದಳು. ಒಂದು ಚೂರು ಹಾರಿತು.

ಕಾವಲುಗಾರ ಓಡಿಬಂದ. "ಏನಮ್ಮಾ ಇದು! ಯಾರದೋ ಕಲ್ಲು ಹಾಳು ಮಾಡ್ತಿದೀರಲ್ಲ!"

"ಇಲ್ಲಿ ಹೆಂಡತಿ ಅಂತಿದೆಯಲ್ಲ, ಅದು ನಾನೇ. ನನ್ನನ್ನ ನಾನು ತಗೊಂಡು ಹೋಗ್ತಿದೀನಿ."

ಅವನು ನನ್ನ ಮುಖ ನೋಡಿದ. ಹೌದು ಎಂದು ತಲೆಯಾಡಿಸಿದೆ. ಏನು ಮಾಡಬೇಕೋ ತೋಚದೆ ಅವನು ಕಚೇರಿಯ ಪುಸ್ತಕದಲ್ಲಿದ್ದ ನಂಬರ್ ಹುಡುಕಿ ಮಗಳಿಗೆ ಫೋನ್ ಮಾಡಿದ. ಅಷ್ಟರಲ್ಲಿ ಪತ್ರಿಕೆ ನೋಡಿ ಬಂದಿದ್ದ ಗಂಡ ಹೆಂಡತಿ ಇಬ್ಬರು ದೂರದಲ್ಲಿ ನಿಂತು, ಪಿಸುಗುಟ್ಟುತ್ತ ಫೋನ್ ಎತ್ತಿ ಹಿಡಿದರು.

ಮಗಳು ಅಂಗಡಿಯ ಕೋಟಿನಲ್ಲೇ ಬಂದಳು. ಎರಡನೆಯ ಸಾಲಿನ ಅರ್ಧ ಆಗಲೇ ಗುಳಿಬಿದ್ದ ಬಿಳಿಯ ಕಲೆಯಾಗಿತ್ತು.

"ಅಮ್ಮಾ! ತಲೆ ಕೆಟ್ಟಿದೆಯಾ ನಿನಗೆ? ಅಪ್ಪನ ಕೊನೇ ಆಸೆ ಅದು!"

"ನನಗೇನು ಆಸೆ ಅಂತ ಯಾರಾದ್ರೂ ಕೇಳಿದ್ರಾ?" ಅಕ್ಕ ತಿರುಗಲಿಲ್ಲ.

"ಬರೀ ತಮಾಷೆ ಅಮ್ಮಾ! ಅಪ್ಪ ಯಾರನ್ನ ಬಿಟ್ಟಿದ್ರು? ನನ್ನ ಮೂಗಿನ ಮೇಲೆ ಎಷ್ಟು ಜೋಕ್ ಮಾಡ್ತಿದ್ರು! ನಾನು ನಗ್ತಿರಲಿಲ್ವಾ?"

"ನಗ್ತಿದ್ದೆ. ಆಮೇಲೆ ಕನ್ನಡಿ ಮುಂದೆ ಮೂಗು ಒತ್ತಿ ಹಿಡ್ಕೊಂಡು ನಿಂತಿರ್ತಿದ್ದೆ. ನೋಡಿದೀನಿ ನಾನು."

ಅಕ್ಕ ಸುತ್ತಿಗೆ ಕೆಳಗಿಟ್ಟು ಅವಳ ಕಡೆ ತಿರುಗಿದಳು. ಹಣೆಯ ಮೇಲೆ ಕಲ್ಲಿನ ಪುಡಿ ಬೆವರಿಗೆ ಅಂಟಿಕೊಂಡಿತ್ತು.

"ನಿನ್ನ ನಂತರ ಇನ್ನೊಂದು ಮಗು ಆಯ್ತು, ಗೊತ್ತಲ್ಲ?"

"ಸತ್ತೇ ಹುಟ್ಟಿತ್ತು ಅಂದಿದ್ರಿ."

"ಹೂಂ. ಆಸ್ಪತ್ರೆಯಿಂದ ಬಿಟ್ಟ ದಿನ ಅವನಿಗೆ ಡ್ಯೂಟಿ ಇತ್ತು. ಒಬ್ಬಳೇ ಹೊರಗೆ ಬಂದು ಬಸ್ ಹತ್ತಿದೆ. ಅವನ ಬಸ್ಸೇ. ಹಿಂದಿನ ಬಾಗಿಲಲ್ಲಿ ಹತ್ತಿದೆ, ತುಂಬಾ ರಶ್ಶು, ಅವನಿಗೆ ಕಾಣಲಿಲ್ಲ. ಮುಂದೆ ಯಾರೋ ಕೇಳಿದ್ರು, ಏನಪ್ಪಾ, ಮಗು ಆಯ್ತಂತೆ, ಸಿಹಿ ಎಲ್ಲಿ ಅಂತ. ಏನಂದ ಗೊತ್ತಾ ನಿಮ್ಮಪ್ಪ? 'ಬಂದಿತ್ತು ಸ್ವಾಮಿ, ಅವರಮ್ಮನ ದನಿ ಕೇಳಿ ಅಲ್ಲಿಂದ್ಲೇ ರಿವರ್ಸ್ ಹೊಡೀತು' ಅಂದ."

ಕಾವಲುಗಾರ ತಲೆ ತಗ್ಗಿಸಿದ.

"ಇಡೀ ಬಸ್ಸು ನಕ್ತು. ನನ್ನ ಪಕ್ಕ ನಿಂತಿದ್ದ ಹೆಂಗಸು ನಗ್ತಾ ನಗ್ತಾ ನನ್ನ ಮುಖ ನೋಡಿದ್ಲು, ನೀವೂ ನಗ್ರೀ ಅನ್ನೋ ಹಾಗೆ. ಕುಡಿಯೋ ಮಗು ಇಲ್ಲದೆ ಹಾಲು ಕಟ್ಟಿ ನನ್ನ ಎದೆ ಸಿಡೀತಿತ್ತು. ಮುಂದಿನ ಸ್ಟಾಪಲ್ಲಿ ಇಳಿದು ನಡ್ಕೊಂಡು ಮನೆಗೆ ಹೋದೆ. ಆಮೇಲೆ ನಾನು ಅವನ ಬಸ್ ಹತ್ತಿಲ್ಲ. ಯಾಕೆ ಅಂತ ಅವನೂ ಕೇಳಲಿಲ್ಲ. 'ನಮ್ಮನೆಯವಳು ತೂಕ ಇಳಿಸ್ತಿದಾಳೆ' ಅಂತ ಅದನ್ನೂ ಬಸ್ಸಲ್ಲೇ ಹೇಳ್ಕೊಂಡ."

ಮಗಳು, "ಅಪ್ಪನಿಗೆ ಅಳೋಕೆ ಬರ್ತಿರಲಿಲ್ಲಮ್ಮ. ಅದಕ್ಕೇ ಏನೋ ಹಾಗೆ…" ಎಂದಳು.

"ಬರದಿದ್ರೆ ಸುಮ್ಮನಿರಬೇಕಿತ್ತು."

ಅಕ್ಕ ಮತ್ತೆ ಸುತ್ತಿಗೆ ಎತ್ತಿಕೊಂಡಳು. ಮಗಳು ಅವಳ ಕೈ ಹಿಡಿಯಲಿಲ್ಲ, ಸಹಾಯಕ್ಕೂ ಬರಲಿಲ್ಲ. ಇದ್ದಕ್ಕಿದ್ದಂತೆ ಆ ಫೋನ್ ಹಿಡಿದವರ ಕಡೆ ನಡೆದಳು.

"ಏನ್ರೀ ನೋಡ್ತಿದೀರಿ? ಒಳಗಿಡ್ರೀ ಅದನ್ನ."

"ಅಲ್ಲ, ನಾವು ಪೇಪರಲ್ಲಿ ನೋಡಿ, ಆ ಜೋಕ್…"

"ಜೋಕೂ ಇಲ್ಲ, ಏನೂ ಇಲ್ಲ. ಬಂದ ದಾರಿ ಹಿಡೀರಿ!"

ಅವರು ಹೋದರು. ಎರಡನೆಯ ಸಾಲು ಪೂರ್ತಿ ಹೋಗುವ ಹೊತ್ತಿಗೆ ಅಕ್ಕನ ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದಿದ್ದವು. ಮೊದಲ ಸಾಲನ್ನು ಅವಳು ಮುಟ್ಟಲಿಲ್ಲ. "ಅದು ಅವನದು. ಚೆನ್ನಾಗಿದೆ, ಇರಲಿ" ಎಂದು ಎದ್ದಳು.

ಸುದ್ದಿ ಕೇಳಿ ಕಲ್ಲಿನವನು ಕೆಂಡವಾದ. ಕಲೆಯ ಕೊಲೆ ಎಂದೆಲ್ಲ ಕೂಗಾಡಿ, ಕಡೆಗೆ, ನುಣುಪು ಮಾಡಿಕೊಡಲೇ ಎಂದು ಸ್ಮಶಾನದ ಕಚೇರಿಯ ಮೂಲಕ ಕೇಳಿಸಿದ. ಅಕ್ಕ ಬೇಡವೆಂದಳು. ಆ ಖಾಲಿ ಅರ್ಧ ಜಾಗವೂ ತನಗೆ ಬೇಡ, ತಾನು ಸತ್ತಾಗ ಬೇರೆ ಕಡೆ ಜಾಗ ಕೊಡಿ ಎಂದು ಆ ಕಚೇರಿಯಲ್ಲೇ ಬರೆದುಕೊಟ್ಟಳು. ವಾರಪತ್ರಿಕೆಯವನೊಬ್ಬ ಲಾಂಡ್ರಿಯ ಬಾಗಿಲಿಗೆ ಬಂದು, "ಹೆಂಡತಿಯ ಪ್ರತ್ಯುತ್ತರ ಅಂತ ಹಾಕ್ತೀವಿ, ಒಂದು ಮಾತು ಹೇಳಿ ಮೇಡಂ" ಎಂದ. "ಗಯ್ಯಾಳಿ ಅಂತ ಬರೆದೋರು ಯಾರು, ನೀವೇನಾ?" ಎಂದು ಅಕ್ಕ ಕೇಳಿದಳು. ಅವನು ನೋಟ್‌ಬುಕ್ ಮುಚ್ಚಿದ. ಅವಳು ಬಾಗಿಲು ಹಾಕಿದಳು.

ಮಗಳು ಕೆಲವು ವಾರ ಮನೆಯ ಕಡೆ ಸುಳಿಯಲಿಲ್ಲ. ಬಂದಾಗ ಕೂರುವ ಮೊದಲೇ ಕೇಳಿದಳಂತೆ: "ಗಂಡೋ ಹೆಣ್ಣೋ?"

"ಗಂಡು."

"ಎಲ್ಲಿದಾನೆ?"

ಆಸ್ಪತ್ರೆಯವರು ಆಗ ಇಂಥ ಮಕ್ಕಳನ್ನೆಲ್ಲ ಸ್ಮಶಾನದ ಹಿಂದಿನ ಗೋಡೆಯ ಹತ್ತಿರ ಒಟ್ಟಿಗೇ ಮಣ್ಣು ಮಾಡುತ್ತಿದ್ದರು. ಒಂದು ಭಾನುವಾರ ನಾವು ಮೂವರೂ ಹೋದೆವು. ಸೊಂಟದೆತ್ತರ ಕಳೆ ಬೆಳೆದಿತ್ತು. ಕಲ್ಲಿಲ್ಲ, ಗುರುತಿಲ್ಲ, ಒಡೆದ ಕುಂಡಗಳ ರಾಶಿ ಮಾತ್ರ. ಅಕ್ಕ ಕಾವಲುಗಾರನನ್ನು ಕರೆದು ಉಗಿದಳು. ಯಾರೂ ಬರುವುದಿಲ್ಲವೆಂದು ಕಳೆ ಕತ್ತರಿಸುವುದಿಲ್ಲ ಎಂದ ಅವನು. "ಈಗ ಬಂದ್ವಲ್ಲ" ಎಂದು ಅಕ್ಕ ಬರಿಗೈಯಲ್ಲೇ ಕಳೆ ಕೀಳಲು ಕೂತಳು. ನಾವೂ ಕೂತೆವು. ಕಾವಲುಗಾರ ಹೋಗಿ ಕುಡುಗೋಲು ತಂದುಕೊಟ್ಟ.

ಸ್ವಲ್ಪ ಹೊತ್ತಿನ ಮೇಲೆ ಮಗಳು, "ಆದ್ರೂ ನನಗೆ ಅಪ್ಪನ್ನ ದ್ವೇಷಿಸೋಕೆ ಆಗಲ್ಲಮ್ಮ" ಎಂದಳು.

"ದ್ವೇಷಿಸು ಅಂತ ಯಾರು ಹೇಳಿದ್ರು?"

"ನಿನಗೆ ಇನ್ನೂ ಕೋಪ ಹೋಗಿಲ್ಲ ಅಲ್ವಾ?"

"ಯಾಕೆ ಹೋಗಬೇಕು?" ಅಕ್ಕ ಒಂದು ದೊಡ್ಡ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಅದು ಬರಲಿಲ್ಲ. "ಸುಮ್ಮನೆ ನೋಡ್ತಾ ಕೂತಿದೀಯಲ್ಲ, ಆ ಕಡೆಯಿಂದ ಹಿಡಿ."

ಮಗಳು ಹಿಡಿದಳು.