ಸಿಹಿಯಾದ ಪಾದೋದಕ

ಹೆಂಡತಿ ರತ್ನ ಹೋದ ಮೇಲೆ ನನಗೆ ಒಂದು ಕಡೆ ಕುಳಿತಿರಲು ಆಗುತ್ತಿರಲಿಲ್ಲ. ಕುಳಿತರೆ, ಎದ್ದು ಒಳಗೆ ಹೋಗಿ ನೋಡಬೇಕು ಅನ್ನಿಸುವುದು. ಒಳಗೆ ಹೋದರೆ ನೋಡಬೇಕಾದವಳು ಅಲ್ಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಹುಣ್ಣು ಮಾಯದೆ ಆ ಮಾಘದಲ್ಲಿ ಅವಳು ಲಿಂಗೈಕ್ಯಳಾಗಿದ್ದಳು.

ಮನೆ ನೋಡಿಕೊಳ್ಳಲೆಂದು ಬಾಗಲಕೋಟೆ ಕಡೆಯ ನಮ್ಮ ಊರಿನಿಂದ ಅಕ್ಕ ನಿಂಗವ್ವ ಬಂದಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಲಿಂಗವನ್ನೇ ನಂಬಿ ಬಾಳಿದವಳು. ಯಶವಂತಪುರದಲ್ಲಿ ರೈಲ್ವೆ ಗೂಡ್ಸ್ ಯಾರ್ಡಿನ ಹಿಂದಿದ್ದ ನಮ್ಮ ವಠಾರದ ಒಂದೂವರೆ ಕೋಣೆಯಲ್ಲಿ, ಅಡಿಗೆಯ ಮೂಲೆಗೆ ಒಂದು ಸೀರೆ ಅಡ್ಡ ಕಟ್ಟಿ ಪೂಜೆಯ ಜಾಗ ಮಾಡಿಕೊಂಡಳು. ಅವಳು ಪೂಜೆಗೆ ಕುಳಿತರೆ ಇಡೀ ವಠಾರದವರು ದನಿ ತಗ್ಗಿಸುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕ ತಂಬಿಗೆಯ ಮೇಲೆ ತಂಬಿಗೆ ನೀರು ಕುಡಿಯತೊಡಗಿದಳು. ರಾತ್ರಿ ಮತ್ತೆ ಮತ್ತೆ ಹಿತ್ತಿಲಿಗೆ ಹೋಗುವುದು, ಹಗಲು ಗೋಡೆಗೆ ಒರಗುವುದು. ಇದನ್ನೆಲ್ಲ ನಾನು ಈ ಮನೆಯಲ್ಲೇ ಒಮ್ಮೆ ನೋಡಿದ್ದೆ.

“ಬೆಂಗಳೂರು ನೀರು ನನಗ ಒಗ್ಗವಲ್ದು, ಅಷ್ಟ,” ಎಂದಳು.

“ನೀರಲ್ಲವ್ವ ಅದು. ನಡಿ, ಡಾಕ್ಟರ ಕಡೆ ಹೋಗೂಣು.”

ಸರ್ಕಲ್ಲಿನ ಬಳಿ ಡಾಕ್ಟರ್ ಆನಂದಪ್ಪನವರ ಷಾಪು. ಅಲ್ಲಿ ಗಾಜಿನ ಕೊಳವೆಯ ನೀಲಿ ಔಷಧಿಗೆ ಅವಳ ಮೂತ್ರದ ಹನಿ ಬಿಟ್ಟು ಕಾಯಿಸಿದಾಗ ಅದು ಹಸಿರಾಯಿತು, ಹಳದಿಯಾಯಿತು, ಕಡೆಗೆ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ಮಾತ್ರೆಯಿಂದ ಆಗುವುದಿಲ್ಲ, ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು ಡಾಕ್ಟರು. ಸೂಜಿ ಹಾಕುವುದನ್ನು ನಾನು ರತ್ನನಿಗಾಗಿ ಕಲಿತಿದ್ದೆ.

“ಬೆಳಿಗ್ಗೆ ತಿಂಡಿ ಎಷ್ಟು ಹೊತ್ತಿಗೆ ತಿಂತೀರಮ್ಮ?” ಎಂದು ಅವರು ಕೇಳಿದರು.

“ಎದ್ದ ಮ್ಯಾಲೆ ತಿಂತೇನ್ರಿ. ಎಲ್ಲಾರಂಗ.”

“ಹಾಗಾದ್ರೆ ಎದ್ದ ಕೂಡಲೆ ಇಂಜೆಕ್ಷನ್. ಅರ್ಧ ಗಂಟೆ ಬಿಟ್ಟು ಹೊಟ್ಟೆಗೆ ಏನಾದ್ರೂ ಹಾಕ್ಕೊಳ್ಳಿ.”

ನಡುವೆ ಪೂಜೆ ಇದೆಯೆಂದು ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಪೂಜೆಯಾಗದೆ ನಮ್ಮವರ ಬಾಯಿಗೆ ಒಂದು ಹನಿ ನೀರೂ ಹೋಗುವುದಿಲ್ಲ. ಅದನ್ನು ಡಾಕ್ಟರರಿಗೆ ತಿಳಿಸಬೇಕೆಂದು ಯಾರಿಗೆ ಹೊಳೆಯುತ್ತದೆ? ನಾನು ಉಸಿರಾಡುತ್ತೇನೆ ಎಂದು ಯಾರೂ ಡಾಕ್ಟರರಿಗೆ ಹೇಳುವುದಿಲ್ಲ.

ಆಷಾಢವೆಲ್ಲ ಹಾಗೆಯೇ ನಡೆಯಿತು. ಪೂಜೆ ಬೇಗ ಮುಗಿಯುತ್ತಿತ್ತು, ಅವಳು ರೊಟ್ಟಿ ತಿನ್ನುತ್ತಿದ್ದಳು, ದಾಹವೂ ಇಳಿದಿತ್ತು. ಆಮೇಲೆ ಶ್ರಾವಣ ಬಂತು. ಅದರ ಸೋಮವಾರಗಳಲ್ಲಿ ಅಕ್ಕನಿಗೆ ಹಗಲೆಲ್ಲ ಉಪವಾಸ, ಪೂಜೆಯೂ ಉದ್ದ. ಎಪ್ಪತ್ತೊಂಬತ್ತರ ಆ ವರ್ಷ ಶ್ರಾವಣವೂ ರಂಜಾನೂ ಒಂದೇ ಚಂದ್ರನ ಜೊತೆ ಬಂದಿದ್ದವು. ವಠಾರದಲ್ಲಿ ಎಲ್ಲರ ಮನೆಯಲ್ಲೂ ಒಂದೊಂದು ವ್ರತ.

ಎದುರು ಮನೆಯ ಫಖ್ರುನ್ನೀಸಾ ಬೇಗಂ ಮಾತ್ರ ರೋಜಾ ಇರಲಿಲ್ಲ. ಅವರಿಗೂ ಸಕ್ಕರೆ ಕಾಯಿಲೆ. ಹಿಂದಿನ ರಂಜಾನಿನಲ್ಲಿ ಹಟ ಮಾಡಿ ರೋಜಾ ಇದ್ದು ನಲ್ಲಿಯ ಕಟ್ಟೆಯ ಮೇಲೆ ಬಿದ್ದಿದ್ದರು. ಈ ವರ್ಷ ರೋಜಾದ ಬದಲಿಗೆ ದಿನಾ ಒಬ್ಬ ಬಡವನಿಗೆ ಊಟ ಕೊಡುತ್ತಿದ್ದರು. ಅಕ್ಕ ಅವರನ್ನು ಕೆಣಕುವಳು: “ಏನವಾ ಬೇಗಂ, ದೇವರಿಗೆ ಬದಲೀ ಆಳು ಕಳಸೀಯೇನು?”

“ನಿಮ್ಮ ದೇವರು ಬದಲಿ ತಗೊಳಲ್ವಾ? ನಮ್ಮೋನು ದೊಡ್ಡ ಮನಸ್ಸಿನೋನು,” ಎಂದು ಬೇಗಂ ನಗುತ್ತಿದ್ದರು. ಆದರೆ ಸಂಜೆ ಸೊಸೆ ಸಬೀರಾ ಖರ್ಜೂರದ ತಟ್ಟೆಯ ಮುಂದೆ ಮಸೀದಿಯ ಬಾಂಗಿಗೆ ಕಾಯುತ್ತ ಕುಳಿತಾಗ, ಬೇಗಂ ಕಣ್ಣೊರೆಸಿಕೊಂಡು ಹೊರಗೆ ಬಂದು ನಿಲ್ಲುವುದನ್ನು ನಾನು ಕಂಡಿದ್ದೆ.

ಮೊದಲ ಸೋಮವಾರ ಅಕ್ಕ ನನ್ನ ಮಾತು ಕೇಳಿ ಪೂಜೆಯಾದ ಮೇಲೆ ಹಾಲು, ಹಣ್ಣು ತೆಗೆದುಕೊಂಡಳು. ಎರಡನೆಯ ಸೋಮವಾರ ಬೆಳಿಗ್ಗೆ ನಾನು ಸೂಜಿ ಕುದಿಸುತ್ತ ಕೇಳಿದೆ: “ಇವತ್ತೂ ಹಾಲು ತಗೋತೀಯಲ್ಲ?”

“ಕಾಸಿಡು,” ಎಂದಳು. ಸೂಜಿಗೆ ತೋಳು ಕೊಟ್ಟಳು. ಸೀರೆಯ ಮರೆಗೆ ಹೋದಳು.

ಹಾಲು ಕಾಸಿಟ್ಟೆ. ಅದರ ಮೇಲೆ ಕೆನೆ ಕಟ್ಟಿತು. ಕಾರ್ಖಾನೆಯ ಸೈರನ್ ಕೂಗಿತು, ವಠಾರದ ಗಂಡಸರು ಕೆಲಸಕ್ಕೆ ಹೋದರು. ಅಕ್ಕ ಬರಲಿಲ್ಲ. ನಾನು ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಅಂಗಳಕ್ಕೆ ಹೋದೆ. ಸೀರೆಯ ಅಂಚು ಸರಿಸಿ ನೋಡಿದೆ. ಎಡಗೈಯಲ್ಲಿ ಇಷ್ಟಲಿಂಗ. ಕಣ್ಣು ಅರ್ಧ ಮುಚ್ಚಿದೆ. ತುಟಿ ಅಲುಗುತ್ತಿದೆ, ಮಂತ್ರ ಕೇಳಿಸುತ್ತಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿದೆ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಬಂದಿದೆ.

“ಅಕ್ಕಾ,” ಎಂದೆ. ಅವಳು ನಕ್ಕಳು. ನನ್ನ ಕಡೆ ನೋಡಿ ನಕ್ಕದ್ದಲ್ಲ.

ಬಾಡಿಗೆ ಕೇಳಲು ಬಂದಿದ್ದ ವಠಾರದ ಒಡತಿ ಗೋಪಾಲಮ್ಮ ನನ್ನ ಬೆನ್ನ ಹಿಂದೆ ನಿಂತು ನೋಡಿದವರೇ ಕೈ ಮುಗಿದರು. “ಅಯ್ಯೋ ನಮ್ಮಪ್ಪ! ನಿಮ್ಮಕ್ಕನ ಮುಖ ನೋಡಿ ಸಂಗಪ್ಪೋರೆ. ಇಂಗೆ ಕಣ್ಣೀರು ಇಳೀತದೆ ಅಂದ್ರೆ ಶಿವ ಬಂದವ್ನೆ ಅಂತ್ಲೇ ಅರ್ಥ.”

“ಮೈ ಬೆವರೇತ್ರಿ. ಮುಟ್ಟಿ ನೋಡ್ತೇನಿ.”

“ಮುಟ್ಬ್ಯಾಡಿ! ಇಂಗೆ ಕುಂತೋರ್ನ ಕದಲಿಸಬಾರ್ದು. ಪಾಪ ಸುತ್ಕಂತದೆ.”

ಅವರು ಹೊರಗೆ ಹೋಗಿ ಇನ್ನಿಬ್ಬರು ಹೆಂಗಸರನ್ನು ಕರೆತಂದರು. ಅವರೂ ಕೈ ಮುಗಿದು ನಿಂತರು. ಅವರ ಮಾತು ಸುಳ್ಳೆಂದು ಹೇಳುವ ಧೈರ್ಯ ನನಗಿರಲಿಲ್ಲ. ಬಾಳೆಲ್ಲ ಶಿವನನ್ನು ಕರೆದವಳಿಗೆ ಶಿವ ಒಂದು ದಿನ ಓಗೊಟ್ಟರೆ ಅದು ಅನ್ಯಾಯವೇ? ಹಾಗೆಂದುಕೊಂಡರೂ ಕಾಲು ನಿಲ್ಲಲಿಲ್ಲ. ಒಲೆಯ ಮೇಲಿನ ಹಾಲು ನೋಡಿದೆ, ಅವಳ ಬೆವರು ನೋಡಿದೆ, ಓಡಿಹೋಗಿ ಎದುರು ಮನೆಯ ಬಾಗಿಲು ಬಡಿದೆ.

“ಬೇಗಂ ಸಾಹೇಬ್ರ, ನೀವು ನಲ್ಲಿ ಹತ್ರ ಬಿದ್ದ ದಿನ ಬೆವರು ಬಂದಿತ್ತೇನ್ರಿ?”

“ಬೆವರಾ? ಸೀರೆ ಹಿಂಡೋ ಹಂಗಿತ್ತು. ಯಾಕೆ ಭಾಯಿಸಾಬ್?”

“ಕರದ್ರ ಓ ಅನ್ನವಲ್ಲಳು ಅಕ್ಕ. ನಗ್ತಾಳ.”

“ಹಾಯ್ ಅಲ್ಲಾ! ನಾನೂ ನಗ್ತಿದ್ದೆನಂತೆ. ಹೊಟ್ಟೆಗೇನು ಬಿದ್ದಿದೆ ಅವರಿಗೆ?”

“ಏನೂ ಇಲ್ಲ. ಸೂಜಿ ಮಾತ್ರ ಹಾಕೇನಿ.”

ಅವರು ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದರು. ಪೂಜೆಯ ಸೀರೆಯ ಹತ್ತಿರ ಮಾತ್ರ ನಿಂತುಬಿಟ್ಟರು. “ನಾನು ಒಳಗೆ ಬರಲ್ಲ. ನೀವು ಹೋಗಿ, ಬೇಗ. ಸಕ್ಕರೆ ತಗೊಂಡು ಕೆನ್ನೆ ಒಳಗೆ ಬೆರಳಲ್ಲಿ ಉಜ್ಜಿ. ನುಂಗ್ತಾರಾ ನೋಡಿ ಆಮೇಲೆ ಸಕ್ಕರೆ ನೀರು ಕೊಡಿ. ಗಂಟಲಿಗೆ ಸುರೀಬೇಡಿ, ಸ್ವಲ್ಪ ಸ್ವಲ್ಪ.”

“ಪೂಜೆ ಮಧ್ಯದಾಗೆ ಎಂಜಲು ಮಾಡ್ತೀರಾ?” ಎಂದು ಗೋಪಾಲಮ್ಮ ಕೂಗಿದರು.

“ಪೂಜೆ ನಾಳೆನೂ ಮಾಡಬಹುದು ಅಮ್ಮಾ. ಆಕೆ ಇದ್ರೆ!”

ನಾನು ಸಕ್ಕರೆಯ ಡಬ್ಬಿ ಹಿಡಿದು ಅಕ್ಕನ ಎದುರು ಮೊಣಕಾಲೂರಿದೆ. ಬೆರಳಿಗೆ ಸಕ್ಕರೆ ಹಚ್ಚಿ ಬಾಯಿಯ ಹತ್ತಿರ ತಂದರೆ ಅವಳು ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಪ್ರಜ್ಞೆ ಎಲ್ಲೋ ಹೋಗಿದ್ದರೂ, ಪೂಜೆ ಮುಗಿಯದೆ ಬಾಯಿ ತೆರೆಯಬಾರದೆಂಬುದು ಆ ದೇಹಕ್ಕೆ ನೆನಪಿತ್ತು. ಅವಳ ಎಡಗೈಯಲ್ಲಿ ಲಿಂಗ ವಾಲಿತು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ನಾನು ಅವಳ ಅಂಗೈಯ ಕೆಳಗೆ ನನ್ನ ಅಂಗೈ ಕೊಟ್ಟು ಹಿಡಿದೆ. ಅವಳ ಕೈ ತಣ್ಣಗಿತ್ತು. ಕಡೆಯ ದಿನ ರತ್ನನ ಕೈ ಹೀಗೆಯೇ ಇತ್ತು.

ಎದುರಿಗೆ ಹಿತ್ತಾಳೆಯ ಬಟ್ಟಲಿನಲ್ಲಿ ಪಾದೋದಕವಿತ್ತು. ಲಿಂಗಕ್ಕೆ ಎರೆದ ಆ ನೀರನ್ನು ಪೂಜೆಯ ಕೊನೆಗೆ ಕುಡಿಯುವುದು ನಮ್ಮ ಪದ್ಧತಿ. ಅದಕ್ಕೇ ಸಕ್ಕರೆ ಸುರಿದು ಬೆರಳಿನಿಂದ ಕದಡಿದೆ. ಉದ್ಧರಣೆಯಲ್ಲಿ ತುಂಬಿ ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ: “ಅಕ್ಕಾ, ಪೂಜಿ ಮುಗೀತು. ಪಾದೋದಕ ತಗೋ.”

ಅವಳು ಬಾಯಿ ತೆರೆದಳು.

ಒಂದು ಉದ್ಧರಣೆ, ಇನ್ನೊಂದು. ಗಂಟಲು ಆಡಿತು, ನುಂಗಿದಳು. ಬಟ್ಟಲು ಬರಿದಾಗುವವರೆಗೆ ನಾನು ಶಿವಶಿವಾ ಎನ್ನುತ್ತಲೇ ಇದ್ದೆ. ಸೀರೆಯ ಆಚೆ ಬೇಗಮರೂ ತಮ್ಮ ದೇವರನ್ನು ಕರೆಯುತ್ತಿದ್ದರು. ಬಹಳ ಹೊತ್ತಿನ ಮೇಲೆ ಅಕ್ಕನ ಕಣ್ಣು ನನ್ನ ಮೇಲೆ ನಿಂತಿತು.

“ಪಾದೋದಕ ಸಿಹಿ ಆಗೇತಿ,” ಎಂದಳು. ಮುಖದಲ್ಲಿ ಎಂದೂ ಕಾಣದಿದ್ದ ಬೆಳಕು. “ತಮ್ಮಾ, ಬಂದಿದ್ದ ಅಂವ. ಇಷ್ಟ ಹತ್ರ ಬಂದಿದ್ದ.”

ಗೋಪಾಲಮ್ಮ ಅಡ್ಡ ಬಿದ್ದರು. “ಕೇಳುದ್ರಾ? ತೀರ್ಥ ಸಿಹಿಯಾಗೈತಂತೆ! ನಮ್ಮ ವಠಾರದಾಗೆ!” ಎಂದವರೇ ಎಲ್ಲರಿಗೂ ಹೇಳಲು ಹೊರಟರು.

ಬೇಗಂ ನನ್ನ ಮುಖ ನೋಡಿದರು. ಅಕ್ಕ ಬಟ್ಟಲನ್ನು ಕಣ್ಣಿಗೊತ್ತಿಕೊಂಡು ಹೇಳಿದಳು: “ಉಪಾಸ ಪೂರಾ ಇದ್ದದ್ದಕ್ಕ ಬಂದ. ಇನ್ನ ಶ್ರಾವಣ ಮುಗಿಯೂತನ ಸೋಮವಾರ ಒಂದೂ ಬಿಡೂದಿಲ್ಲ. ಸೂಜಿ ಏನು ಹೊಟ್ಟೆಗೆ ಹೋಗೂದಲ್ಲ, ಅದರಿಂದ ಉಪಾಸ ಕೆಡೂದಿಲ್ಲ. ನೀ ಚುಚ್ಚಾಕ ಬೇಕಾದ್ರ ಚುಚ್ಚು.”

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳ ಶಿವ ಅವಳಿಗೆ ಉಳಿಯುತ್ತಿದ್ದ. ಮುಂದಿನ ಸೋಮವಾರಕ್ಕೆ ಅವಳೇ ಉಳಿಯುತ್ತಿರಲಿಲ್ಲ.

“ಅಕ್ಕಾ, ಸಿಹಿ ಮಾಡಿದಾಂವ ನಾನು,” ಎಂದೆ. “ಸಕ್ಕರಿ ಹಾಕೇನಿ. ಸೂಜಿ ಹಾಕಿ ಹಸದು ಕುಂತರ ರಕ್ತದಾಗಿನ ಸಕ್ಕರಿ ಇಳದು ಹೋಗ್ತದ. ಬೆವರು, ನಗು, ಎಲ್ಲಾ ಅದರಿಂದ ಬಂದದ್ದು. ಇನ್ನೊಂದೀಟು ತಡ ಆಗಿದ್ರ ನೀ ಎಚ್ಚರ ಆಗ್ತಿರಲಿಲ್ಲ.”

ಅವಳು ಡಬ್ಬಿ ನೋಡಿದಳು, ನನ್ನ ಬೆರಳು ನೋಡಿದಳು. ಮುಖದ ಬೆಳಕು ಇಳಿಯುವುದನ್ನು ನಾನು ನೋಡುತ್ತಲೇ ಇರಬೇಕಾಯಿತು. ಹಾಲು ಕೊಟ್ಟಾಗ ಕುಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ಎಲ್ಲವನ್ನೂ ಕೇಳಿ ತಲೆ ಚಚ್ಚಿಕೊಂಡರು. “ಪೂಜೆ ಇದೆ ಅಂತ ಮೊದಲೇ ಹೇಳಬಾರ್ದೇನ್ರಿ? ಪೂಜೆ ಮುಗಿಸಿ ಇಂಜೆಕ್ಷನ್, ಆಮೇಲೆ ತಿಂಡಿ. ಅಷ್ಟೇ ಕಣ್ರೀ. ಉಪವಾಸ ಮಾತ್ರ ಬಿಡಬೇಕು.”

ಅಕ್ಕ ಕೇಳಿದಳು: “ಡಾಕ್ಟರ್ರ, ನನಗ ಕಂಡದ್ದೂ ಸಕ್ಕರಿ ಇಳದದ್ದಕ್ಕ ಏನ್ರಿ?”

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. “ಅದು ನನಗೆ ಗೊತ್ತಿಲ್ಲಮ್ಮ. ಆದ್ರೆ ಆ ದಾರೀಲಿ ಹೋದ್ರೆ ವಾಪಸ್ ಬರೋ ಬಸ್ಸಿಲ್ಲ. ಅದು ಗೊತ್ತು.”

ಬಿಡುತ್ತೇನೆ ಎಂದು ಅಕ್ಕ ಹೇಳಲಿಲ್ಲ. ವಾರವೆಲ್ಲ ಪೂಜೆ ಮುಗಿಸಿ ತೋಳು ಒಡ್ಡಿದಳು, ರೊಟ್ಟಿ ತಿಂದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಸೋಮವಾರ ಹತ್ತಿರ ಬಂದಂತೆ ನನಗೆ ಊಟ ಸೇರಲಿಲ್ಲ. ಕೇಳಿದರೆ ಹಟಕ್ಕೆ ಬಿದ್ದಾಳು, ಕೇಳದಿದ್ದರೆ ಹೇಗೆ ತಿಳಿದೀತು?

ಮೂರನೆಯ ಸೋಮವಾರ. ಅವಳು ಸೀರೆಯ ಮರೆಗೆ ಹೋದಾಗಿನಿಂದ ನಾನು ಬಾಗಿಲಿಗೂ ನಲ್ಲಿಗೂ ನಡುವೆ ತಿರುಗಾಡಿದೆ. ಬೇಗಂ ತಮ್ಮ ಬಾಗಿಲಿನಲ್ಲಿ ನಿಂತು ಕಣ್ಣಿನಲ್ಲೇ ಕೇಳಿದರು. ನಾನು ತಲೆ ಆಡಿಸಿದೆ, ಏನೂ ತಿಳಿಯದು. ಸೂಜಿ ಕುದಿಸಿದ ನೀರು ಆರಿ ಹೋಯಿತು, ಮತ್ತೆ ಕುದಿಸಿದೆ.

ಅಕ್ಕ ಹೊರಗೆ ಬಂದಳು. ಲಿಂಗ ಕೊರಳಿಗೆ ಕಟ್ಟಿಕೊಂಡಿದ್ದಳು. ನನ್ನ ಕಡೆ ನೋಡದೆ ಒಲೆಯ ಹತ್ತಿರ ಕುಳಿತು ತಾಟು ಎಳೆದುಕೊಂಡಳು. ರೊಟ್ಟಿ ಹಾಕಿಕೊಂಡಳು, ಪಲ್ಯ ಬಡಿಸಿಕೊಂಡಳು. ಆಮೇಲೆ ತೋಳು ಚಾಚಿದಳು.

ಸೂಜಿ ಹಾಕಿದೆ. ಹೊತ್ತು ಕಳೆಯಿತು. ಅವಳು ರೊಟ್ಟಿಯ ಮೇಲೆ ಕೈ ಇಟ್ಟುಕೊಂಡು ಕುಳಿತೇ ಇದ್ದಳು.

“ತಿನ್ನವ್ವಾ,” ಎಂದೆ.

“ಹೊರಗ ಹೋಗು ತಮ್ಮಾ. ಸೋಮವಾರ ಹಗಲ ಉಣ್ಣೂದು ನನಗ ರೂಢಿ ಇಲ್ಲ. ಎದುರಿಗೆ ಯಾರೂ ಇರೂದು ಬ್ಯಾಡ.”

ನಾನು ಹೊರಗೆ ಬಂದೆ. ಅಂಗಳದಲ್ಲಿ ನಿಂತೆ, ಕುಳಿತೆ, ಮತ್ತೆ ಎದ್ದೆ. ಗೂಡ್ಸ್ ಗಾಡಿಯೊಂದು ಡಬ್ಬಿಗಳನ್ನು ಗುದ್ದಿಸುತ್ತ ಹಿಂದೆ ಮುಂದೆ ಹೋಗುತ್ತಿತ್ತು. ಅದರ ಸದ್ದಿನಲ್ಲಿ ಒಳಗಿನದೇನೂ ಕೇಳಿಸಲಿಲ್ಲ. ಗಾಡಿ ನಿಂತ ಮೇಲೆ ಕಿವಿಗೊಟ್ಟೆ. ಅಕ್ಕ ತಾಟು ತೊಳೆಯುತ್ತಿದ್ದಳು.