ಕಿಟಕಿಯೆದುರಿನ ಕಲ್ಲು

ತೊಂಬತ್ತು ವರ್ಷ ಹಳೆಯದಾದ ಆ ರೈಲ್ವೆ ಸ್ಟೇಷನ್ನಿನ ನೆಲ ಕಿತ್ತು ಹೊಸ ಗ್ರಾನೈಟ್ ಹಾಸುವ ಕೆಲಸ ಮೇಸ್ತ್ರಿಯ ಪಾಲಿಗೆ ಬಂದಿತ್ತು. ಅವನು ಹಾಸಿದ ಕಲ್ಲಿನ ಮೇಲೆ ರಸಮಟ್ಟ ಇಟ್ಟರೆ ಒಳಗಿನ ಗುಳ್ಳೆ ಕೂದಲೆಳೆಯಷ್ಟೂ ಆಚೀಚೆ ಸರಿಯುತ್ತಿರಲಿಲ್ಲ. ಅಂಥವನು ಹಿಂದಿನ ದಿನವಷ್ಟೇ ಟಿಕೆಟ್ ಹಾಲಿನ ಗೋಡೆಯ ಬುಡಕ್ಕೆ ಹಾಕಿದ್ದ ಕಲ್ಲು ಮಧ್ಯಾಹ್ನದ ಹೊತ್ತಿಗೆ ಹಾಳಾಗಿತ್ತು.

ಕಲ್ಲು ಕುಸಿದಿರಲಿಲ್ಲ, ಸವೆದಿತ್ತು. ಪಾದದಾಕಾರದ ನಾಲ್ಕು ಗುಳಿಗಳು: ಎರಡು ದೊಡ್ಡವು, ಒತ್ತಿಕೊಂಡೇ ಎರಡು ಪುಟ್ಟವು. ಬೆರಳುಗಳೆಲ್ಲ ಬರೀ ಗೋಡೆಯತ್ತ.

"ಹಾಳು ಕಲ್ಲು ತಂದು ನನ್ನ ತಲೆಗೆ ಕಟ್ತೀಯಾ?" ಎಂದು ಕಂಟ್ರಾಕ್ಟರ್ ಹಾರಾಡಿದ.

ಮೇಸ್ತ್ರಿ ಬೇರೆ ಕಲ್ಲು ಹಾಕಿದ. ಮರುದಿನ ಅದರ ಪಕ್ಕದಲ್ಲೇ ಕೂತು ಕಾದ. ಹನ್ನೊಂದೂಕಾಲರ ಗಾಡಿ ಸಿಳ್ಳೆ ಹಾಕಿದ್ದೇ ತಡ, ಉಸಿರು ತಾಕಿದ ಕನ್ನಡಿಯಂತೆ ಕಲ್ಲಿನ ಹೊಳಪು ಮಸುಕಾಯಿತು. ನೋಡನೋಡುತ್ತಲೇ ಅದು ನಾಲ್ಕು ಕಡೆ ತಗ್ಗಿತು. ಸುತ್ತ ಜನ ಬ್ಯಾಗು ಹೊತ್ತು ಓಡುತ್ತಿದ್ದರು; ಅಲ್ಲಿ ಮಾತ್ರ ಯಾರೂ ಇರಲಿಲ್ಲ.

ಮೇಸ್ತ್ರಿಯ ಹೆಂಡತಿಯ ತಂದೆ ಅದೇ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ರಿಟೈರ್ ಆದವರು. ಸಂಜೆ ಅಳಿಯ ವಿಷಯ ಎತ್ತಿದಾಗ ಮುದುಕರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಅಲ್ಲೇ ನನ್ನ ಕಿಟಕಿ ಇತ್ತು. ಆಮೇಲೆ ಇಟ್ಟಿಗೆ ಕಟ್ಟಿ ಮುಚ್ಚಿದ್ರು."

"ಅಲ್ಲಿ ಏನಾದ್ರೂ ಆಗಿತ್ತಾ ಮಾವ?"

"ಒಬ್ಳು ಹೆಂಗಸು ಬಂದಿದ್ಲು, ಜೊತೆಗೆ ಪುಟ್ಟ ಮಗಳು. ಒಂದೂವರೆ ಟಿಕೆಟ್ ಕೇಳಿದ್ಲು. ಗಾಡಿ ಬಿಡೋಕೆ ಇನ್ನೂ ಎರಡು ನಿಮಿಷ ಇತ್ತು. ಟೈಮಾಯ್ತು, ನಾಳೆ ಬಾ ಅಂತ ಮುಖಕ್ಕೆ ಹೊಡೆದ ಹಾಗೆ ಕಿಟಕಿ ಹಾಕ್ಬಿಟ್ಟೆ. ಕೈ ಮುಗಿದಿದ್ಲು ಅಳಿಯಂದ್ರೇ."

"ಮರುದಿನ ಬಂದ್ಲಾ?"

"ಇಲ್ಲ. ಯಾವತ್ತೂ ಬರ್ಲಿಲ್ಲ."

ಆ ಕಿಟಕಿ ಮತ್ತೆ ತೆರೆಯಲೇಬೇಕೆಂದು ಮುದುಕರು ಹಟ ಹಿಡಿದರು. ಮರುದಿನ ಬೆಳಿಗ್ಗೆಯೇ ಮೇಸ್ತ್ರಿ ಉಳಿ ಸುತ್ತಿಗೆ ಹಿಡಿದು ಇಟ್ಟಿಗೆ ಬಿಡಿಸಿದ. ಮಾವ ಒಳಗಿನ ಧೂಳಿನಲ್ಲಿ ಸ್ಟೂಲ್ ಎಳೆದುಕೊಂಡು ಕೂತರು. ಗಾಡಿ ಬಂದು ನಿಂತಾಗ ಅವರು ಖಾಲಿ ಜಾಗದತ್ತ ತಲೆಯೆತ್ತಿದರು. ಆಮೇಲೆ ಮಗುವಿನ ಎತ್ತರಕ್ಕೆ ಕಣ್ಣಿಳಿಸಿದರು.

"ಎಲ್ಲಿಗಮ್ಮಾ?"

ಮೇಸ್ತ್ರಿಯ ಕಿವಿಗೆ ಏನೂ ಬೀಳಲಿಲ್ಲ. ಆದರೆ ಮಾವ ಕಿವಿಗೊಟ್ಟು ಕೇಳುತ್ತಿದ್ದರು. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ವಾಪಸ್ ಬರೋಕೂ ಸೇರಿಸಿ ಕೊಡ್ಲಾ?" ಎಂದು ತಡವರಿಸಿ ಕೇಳಿದರು. ಉತ್ತರ ಕೇಳಿಸಿದವರಂತೆ ತಲೆಯಾಡಿಸಿ, "ಆಯ್ತಮ್ಮ, ಹೋಗೋಕಷ್ಟೇ," ಎಂದು ಬರಿಗೈಯನ್ನೇ ಕಿಟಕಿಯಾಚೆ ಚಾಚಿದರು. ಆ ಕೈ ಏನನ್ನೋ ಒಪ್ಪಿಸಿದಂತೆ ಮೆಲ್ಲಗೆ ಬಿಚ್ಚಿಕೊಂಡಿತು.

ಗಾಡಿ ಹೊರಟಿತು. ಮೇಸ್ತ್ರಿ ಮಾವನ ಕೈ ಹಿಡಿದು ಎಬ್ಬಿಸಿದ, ಬೆರಳುಗಳು ಮಂಜುಗಡ್ಡೆಯಾಗಿದ್ದವು.

ಆಮೇಲೆ ಹಾಕಿದ ಕಲ್ಲು ಹಾಗೇ ನಿಂತಿತು. ಕಂಟ್ರಾಕ್ಟರ್ ಬೆನ್ನು ತಟ್ಟಿದ, ಸ್ಟೇಷನ್ ತೆರೆಯಿತು, ಜನ ಹೊಳೆಯುವ ನೆಲದ ಮೇಲೆ ಫೋಟೋ ತೆಗೆಸಿಕೊಂಡರು. ಆ ಹೆಂಗಸು ಎಲ್ಲಿಗೆ ಟಿಕೆಟ್ ಕೇಳಿದಳೆಂದು ಮೇಸ್ತ್ರಿ ಮೊದಮೊದಲು ಕೆದಕಿದ. ಮಾವ ಬಾಯಿ ಬಿಡಲಿಲ್ಲ.

ತಿಂಗಳಾದ ಮೇಲೆ ಒಂದು ದಿನ ಊಟ ಮಾಡುತ್ತಿದ್ದ ಮುದುಕರೇ ಇದ್ದಕ್ಕಿದ್ದಂತೆ ತುತ್ತು ನಿಲ್ಲಿಸಿ, "ಅಳಿಯಂದ್ರೇ, ಅವತ್ತು ಅವಳು ಹೇಳಿದ ಊರು..." ಎಂದು ಶುರುಮಾಡಿದರು.

ಮೇಸ್ತ್ರಿಗೆ ಅವತ್ತು ಹಿಡಿದೆಬ್ಬಿಸಿದ ಆ ಮಂಜುಗಡ್ಡೆಯಂಥ ಕೈ ನೆನಪಾಯಿತು.

"ಬೇಡ ಮಾವ, ಹೇಳ್ಬೇಡಿ," ಎಂದವನೇ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡ.